ತಮ್ಮನ ಪೊರೆ ಒದ್ದೆಯಾದ ರಾತ್ರಿ

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಬೇರೆಯವರ ಬಾಯಲ್ಲಿ ಕೇಳಿದ್ದರೆ ನಾನೇ ನಂಬುತ್ತಿರಲಿಲ್ಲ. ನಾನು ನರ್ಸ್. ಅರ್ಧಕ್ಕರ್ಧ ಆಯುಷ್ಯ ನೈಟ್ ಶಿಫ್ಟಿನಲ್ಲಿ ಕಳೆದಿದ್ದೇನೆ. ಸತ್ತವರ ಮೈ ಒರೆಸಿ, ಬಟ್ಟೆ ಹಾಕಿ, ಕೈ ತೊಳೆದು ಬಂದು ಚಾ ಕುಡಿದವಳು. ಯಾರಾದರೂ ದೆವ್ವ ಕಂಡಿತು ಅಂದರೆ ಮೊದಲು ಅವರ ಬಿಪಿ ನೋಡುವ ಜಾತಿ ನನ್ನದು. ಆದರೆ ಆ ಒಂದು ರಾತ್ರಿ ನಡೆದದ್ದು ಮಾತ್ರ ನಡೆದದ್ದೇ. ನನ್ನ ಮಗಳೂ ನಮ್ಮಮ್ಮನೂ ಮನೆಯಲ್ಲಿಯೇ ಇದ್ದರು.

ಇನ್ನೊಂದು ಮಾತು. ಇದನ್ನು ಅಡುಗೆಮನೆಯ ಕಟ್ಟೆಯ ಮೇಲೆ ಕಾಗದ ಇಟ್ಟು, ನಿಂತುಕೊಂಡೇ ಬರೆಯುತ್ತಿದ್ದೇನೆ. ಯಾಕೆಂದು ಓದುತ್ತಾ ಹೋದರೆ ತಿಳಿಯುತ್ತದೆ.

ನಾವು ಉಡುಪಿಯ ಹತ್ತಿರ, ಕಡಲ ತಡಿಯ ಒಂದು ಊರಿನ ಕ್ರಿಸ್ತರು. ಮನೆಮಾತು ಕೊಂಕಣಿ, ನಾನು ಓದಿದ್ದು ಕನ್ನಡ ಶಾಲೆ. ಹಾಗಾಗಿ ಆ ರಾತ್ರಿಯ ಮಾತುಗಳನ್ನೆಲ್ಲ ನಮ್ಮ ಕಡೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಪಪ್ಪ ಹಡಗಿನಲ್ಲಿ ಅಡುಗೆಯವರಾಗಿದ್ದರು. ವರ್ಷಕ್ಕೆ ಹತ್ತು ತಿಂಗಳು ನೀರಿನ ಮೇಲೆ, ಎರಡು ತಿಂಗಳು ನಮ್ಮ ಮೇಲೆ ರೇಗುತ್ತಾ ಮನೆಯಲ್ಲಿ.

ನನ್ನ ತಮ್ಮ ರೋಷನ್ ಹುಟ್ಟುವಾಗ ನನಗೆ ಆರು ವರ್ಷ. ಪಪ್ಪ ಯಾವುದೋ ದೂರದ ಬಂದರಿನಲ್ಲಿದ್ದರು. ಹೆರಿಗೆ ಮನೆಯಲ್ಲೇ ಆಯಿತು. ಮಗು ಹೊರಗೆ ಬಂದಾಗ ಮುಖವೇ ಇರಲಿಲ್ಲವಂತೆ... ತಲೆಯಿಂದ ಗಲ್ಲದ ತನಕ ತೆಳುವಾದ ಬಿಳಿ ಪೊರೆ ಮುಸುಕಿನ ಹಾಗೆ ಅಂಟಿಕೊಂಡಿತ್ತು. ಸೂಲಗಿತ್ತಿ ಅದನ್ನು ಬೆರಳಿನಿಂದ ಬಿಡಿಸಿದ ಮೇಲೆಯೇ ಅವನು ಅತ್ತದ್ದು.

ಪೊರೆ ಅನ್ನುವುದು ಬಹಳ ಹಳೆಯ ಪದ. ಹಾವು ಕಳಚುವುದು ಪೊರೆ, ಮುದುಕರ ಕಣ್ಣಿಗೆ ಬರುವುದು ಪೊರೆ. ಆಡನ್ನೋ ಹಂದಿಯನ್ನೋ ಸೀಳಿದಾಗ ಕರುಳಿನ ಮೇಲೆ ಹೊದಿಸಿದಂತೆ ಕಾಣುವ ಬಿಳಿ ಪದರಕ್ಕೂ ನಮ್ಮಲ್ಲಿ ಪೊರೆಯೆಂದೇ ಹೇಳುತ್ತಿದ್ದರು. ಪೊರೆ ಎಂದರೆ ಕಾಪಾಡು ಎಂಬ ಅರ್ಥವೂ ಇದೆ ಎಂದು ಶಾಲೆಯಲ್ಲಿ ಕನ್ನಡ ಮೇಷ್ಟ್ರು ಹೇಳಿದ್ದರು. ಆಗ ನನಗೆ ತಮ್ಮನ ನೆನಪಾಗಿ ಮೈ ಜುಮ್ಮೆಂದಿತ್ತು.

ಯಾಕೆಂದರೆ ಅವನ ಪೊರೆ ನಮ್ಮ ಮನೆಯಲ್ಲಿ ಒಂದು ಸಣ್ಣ ತಗಡಿನ ಡಬ್ಬಿಯಲ್ಲಿತ್ತು. ಹಡಗಿನವರಲ್ಲಿ ಒಂದು ನಂಬಿಕೆ ಉಂಟು, ಪೊರೆ ಹೊತ್ತು ಹುಟ್ಟಿದವ ನೀರಿನಲ್ಲಿ ಮುಳುಗಿ ಸಾಯುವುದಿಲ್ಲ, ಆದರೆ ಆ ಪೊರೆಯನ್ನು ಒಣಗಿಸಿ ಜೋಪಾನ ಮಾಡಬೇಕು. ಅವನು ಚೆನ್ನಾಗಿರುವಷ್ಟು ದಿನ ಅದು ಹಪ್ಪಳದ ಹಾಗೆ ಗರಿಗರಿಯಾಗಿರುತ್ತದೆ. ಅವನಿಗೆ ನೀರಿನಿಂದ ಗಂಡಾಂತರ ಬಂದರೆ ತಾನಾಗಿ ಒದ್ದೆಯಾಗುತ್ತದೆ.

ಒದ್ದೆಯಾದರೆ ಏನು ಮಾಡಬೇಕೆಂದೂ ಪಪ್ಪ ನಮಗೆ ಪಾಠ ಮಾಡಿದ್ದರು. ಬೆಂಕಿಗೆ ಹಿಡಿಯಬಾರದು, ಬಿಸಿಲಿಗೆ ಹಾಕಬಾರದು. ಮೈಗೆ ತಾಗಿಸಿ ಇಟ್ಟುಕೊಂಡು ನಡೆಯಬೇಕು. ಒಣಗುವ ತನಕ ಕೂರಬಾರದು. ನಡೆಯುವವರು ಕೂತರೆ ನೀರಿನಲ್ಲಿರುವವನ ಕಾಲೂ ನಿಂತುಹೋಗುತ್ತದೆ... ಹಾಗೆಂದು ಪಪ್ಪ ಹೇಳುತ್ತಿದ್ದರು. ನಾನು ನಗುತ್ತಿದ್ದೆ.

ಮುಂದೆ ಪಪ್ಪನಿಗೆ ಮಸ್ಕತ್ತಿನಲ್ಲಿ ಹೋಟೆಲಿನ ಕೆಲಸ ಸಿಕ್ಕಿತು. ಅಮ್ಮನನ್ನೂ ರೋಷನ್‌ನನ್ನೂ ಕರೆದುಕೊಂಡು ಹೋದರು. ನಾನು ಬೋರ್ಡಿಂಗಿನಲ್ಲಿ ಉಳಿದು ಓದಿದೆ. ತಮ್ಮ ಅಲ್ಲಿಯೇ ಬೆಳೆದ. ಅವನಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಒಂದಕ್ಷರ ಬರುವುದಿಲ್ಲ. ಪಪ್ಪ ತೀರಿಕೊಳ್ಳುವ ಮುಂಚೆ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ರೋಷನ್ ಕೊಡೆಯನ್ನೇ ವರ್ಷಕ್ಕೆ ಮೂರು ಕಳೆಯುವವ, ಅದಕ್ಕೆ.

ಕೆಲಸ ಸಿಕ್ಕಿ ಆಸ್ಟ್ರೇಲಿಯಾಕ್ಕೆ ಹೊರಟ ನಾನು ಮೊದಲು ಬಂದಿಳಿದದ್ದು ಪರ್ತ್‌ಗೆ. ವಿಮಾನದಲ್ಲಿ ಕೊಟ್ಟ ಚೀಟಿಯಲ್ಲಿ, ಪ್ರಾಣಿಯಿಂದ ಬಂದ ವಸ್ತು ಏನಾದರೂ ತಂದಿದ್ದೀರಾ ಎಂದು ಕೇಳಿದ್ದರು. ಡಬ್ಬಿ ಕೈಚೀಲದಲ್ಲಿತ್ತು. ಮನುಷ್ಯ ಪ್ರಾಣಿಯೇನಲ್ಲವಲ್ಲ ಎಂದು ವಾದಿಸಿಕೊಂಡು 'ಇಲ್ಲ' ಎಂದು ಬರೆದೆ. ಹೊರಗೆ ಬರುವಾಗ ಮೂಸುವ ನಾಯಿಯೊಂದು ನನ್ನ ಚೀಲಕ್ಕೆ ಒಂದು ಸುತ್ತು ಹಾಕಿ, ನನ್ನ ಮುಖ ನೋಡಿ, ಹಿಂದಿದ್ದವರ ಮಾವಿನಹಣ್ಣಿನ ಕಡೆ ಹೋಯಿತು. ಈ ಕಥೆಯನ್ನು ಫೋನಿನಲ್ಲಿ ಹೇಳಿದಾಗ ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಷ್ಟು ನಗುವಂಥದ್ದೇನು ಅದರಲ್ಲಿ ಅಂತ ನನಗೆ ಅನಿಸಿತ್ತು.

ಪರ್ತ್‌ನಲ್ಲಿ ಎರಡು ವರ್ಷ ಕಳೆದು ನಾವು ಅಡಿಲೇಡಿಗೆ ಬಂದೆವು. ನಾನು ಅಲ್ಲಿಂದ ಹೊರಟ ವರ್ಷವೇ ರೋಷನ್ ಪರ್ತ್‌ಗೆ ಬಂದು ನೆಲೆಯೂರಿದ. ಪಪ್ಪ ಹೋದ ಮೇಲೆ ಅಮ್ಮನನ್ನು ಕರೆಸಿಕೊಂಡೆವು. ಮೊದಲು ಅವನ ಮನೆ. ನಾಲ್ಕು ತಿಂಗಳಾಗುವಷ್ಟರಲ್ಲಿ, ಮನೆ ಸಣ್ಣದು, ಗಂಡ ಹೆಂಡತಿ ಇಬ್ಬರಿಗೂ ಶಿಫ್ಟು, ಆಗುವುದಿಲ್ಲ ಎಂದು ಅಮ್ಮನನ್ನು ನನ್ನಲ್ಲಿಗೆ ವಿಮಾನ ಹತ್ತಿಸಿದ. ಅಮ್ಮ ಬಂದದ್ದಕ್ಕೆ ನನಗೆ ಸಂತೋಷವೇ. ಕಳಿಸಿದ ರೀತಿಗೆ ಮಾತ್ರ ಹೊಟ್ಟೆ ಉರಿಯಿತು.

ಅದೇ ವಾರ ಫೋನ್ ಮಾಡಿದ. "ಅಕ್ಕ, ನಾನೀಗ ವಾರ ವಾರ ಗಾಳ ಹಾಕ್ಲಿಕ್ಕೆ ಕಡಲಿಗೆ ಹೋಗ್ತೇನೆ. ಆ ಡಬ್ಬಿ ನಂಗೆ ಕಳ್ಸು."

"ಹೆತ್ತವಳನ್ನು ನಾಲ್ಕು ತಿಂಗಳು ಇಟ್ಕೊಳ್ಲಿಕ್ಕೆ ಆಗ್ಲಿಲ್ಲ. ಹುಟ್ಟುವಾಗಿನ ಚರ್ಮ ಮಾತ್ರ ಬೇಕಾ ನಿಂಗೆ?" ಅಂದೆ.

ಅಲ್ಲಿಗೆ ಮಾತು ಮುರಿಯಿತು. ಹನ್ನೊಂದು ತಿಂಗಳು ಅವನೂ ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ. ಕೊಡಬಹುದಿತ್ತು. ಹಟಕ್ಕೆ ಇಟ್ಟುಕೊಂಡೆ.

ಆ ರಾತ್ರಿಗೆ ಬರುತ್ತೇನೆ. 2014ರ ಬೇಸಿಗೆ, ಅಂದರೆ ಇಲ್ಲಿನ ಜನವರಿ, ಫೆಬ್ರವರಿ. ಪ್ರಾಸ್ಪೆಕ್ಟ್ ಎಂಬ ಬಡಾವಣೆಯಲ್ಲಿ ನಮ್ಮ ಬಾಡಿಗೆ ಮನೆ. ವಾರದಿಂದ ನಲವತ್ತು ಡಿಗ್ರಿಯ ಮೇಲೆ ಕಾಯುತ್ತಿತ್ತು. ಅಡಿಲೇಡಿನ ಸೆಕೆ ನಮ್ಮ ಊರಿನ ಬೆವರಿನ ಸೆಕೆಯಲ್ಲ. ಒಣ ಸೆಕೆ. ಬಟ್ಟೆ ಹರವಿ ತಿರುಗುವಷ್ಟರಲ್ಲಿ ಒಣಗಿರುತ್ತದೆ, ಬ್ರೆಡ್ಡು ತಟ್ಟೆಯಲ್ಲೇ ರಸ್ಕ್ ಆಗುತ್ತದೆ.

ನನ್ನ ಗಂಡ ಸ್ಟ್ಯಾನಿಗೆ ಆ ವರ್ಷ ಬ್ರಿಸ್ಬೇನಿನ ಪಕ್ಕದ ಇಪ್ಸ್‌ವಿಚ್‌ನಲ್ಲಿ ಗೋದಾಮಿನ ಕೆಲಸ. ಮನೆಯಲ್ಲಿ ನಾನು, ಅಮ್ಮ, ಎಂಟು ವರ್ಷದ ಮಗಳು ಅಲಿಷಾ. ಅಂದು ನನಗೆ ರಜೆ. ನೈಟ್ ಶಿಫ್ಟಿನವರಿಗೆ ರಜೆಯ ರಾತ್ರಿಯೂ ನಿದ್ದೆ ಬರುವುದಿಲ್ಲ. ಅವರಿಬ್ಬರೂ ಮಲಗಿದ ಮೇಲೆ ನಾನು ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದೆ. ಗಂಟೆ ಎರಡು.

ಮೊದಲು ಬಂದದ್ದು ವಾಸನೆ.

ಒದ್ದೆ ಬಲೆಯ ವಾಸನೆ. ಕಡಲ ಕಳೆ ಕೊಳೆತ ವಾಸನೆ... ಮಳೆಗಾಲದಲ್ಲಿ ನಮ್ಮೂರಿನ ಮೀನುಗಾರರು ಬಲೆಗಳನ್ನು ಚಪ್ಪರದಡಿ ರಾಶಿ ಹಾಕಿದಾಗ ಬರುತ್ತಿತ್ತಲ್ಲ, ಅದೇ. ಅಮ್ಮ ಎಲ್ಲೋ ಒಣಮೀನು ಬಚ್ಚಿಟ್ಟಿದ್ದಾಳೆ ಅಂದುಕೊಂಡೆ. ಇಸ್ತ್ರಿ ಪೆಟ್ಟಿಗೆ ಆರಿಸಿ ಅಡುಗೆಮನೆಯ ಒಂದೊಂದೇ ಡಬ್ಬಿ ಮೂಸಿದೆ. ಸಿಂಕ್ ನೋಡಿದೆ, ಫ್ರಿಜ್ ನೋಡಿದೆ. ಏನೂ ಇಲ್ಲ. ಹೊರಗೆ ಹೋಗಿ ಕಸದ ತೊಟ್ಟಿಯನ್ನೂ ನೋಡಿ ಬಂದೆ. ಹೊರಗೆ ವಾಸನೆಯೇ ಇರಲಿಲ್ಲ. ಒಳಗೆ ಕಾಲಿಟ್ಟರೆ ಮತ್ತೆ ಮೂಗಿಗೆ ಬಡಿಯಿತು.

ಅಲಿಷಾ ಕಣ್ಣುಜ್ಜುತ್ತಾ ಬಾಗಿಲಲ್ಲಿ ನಿಂತಿದ್ದಳು. "ಮಮ್ಮಾ, ವೈ ಡಸ್ ಇಟ್ ಸ್ಮೆಲ್ ಲೈಕ್ ದ ಬೀಚ್?"

ನನ್ನ ಮೂಗಿನ ದೋಷವಲ್ಲ ಎಂದು ಆಗ ಖಾತ್ರಿಯಾಯಿತು. ಅವಳನ್ನು ಮಲಗಿಸಿ, ಅದೇ ವಾಸನೆಯ ಜಾಡು ಹಿಡಿದು ನನ್ನ ಕೋಣೆಗೆ ಬಂದೆ. ಬೀರುವಿನ ಬಾಗಿಲು ತೆಗೆದೆ. ಸೀರೆಗಳ ಹಿಂದೆ ಆ ತಗಡಿನ ಡಬ್ಬಿ. ಮುಟ್ಟಿದರೆ ತಣ್ಣಗೆ. ಯಾವಾಗಲೂ ಎತ್ತಿದರೆ ಒಳಗಿನದ್ದು ಸರಸರ ಅನ್ನುತ್ತಿತ್ತು. ಅಂದು ಏನೂ ಸದ್ದಿಲ್ಲ.

ಮುಚ್ಚಳ ತೆಗೆದೆ. ಸುತ್ತಿದ್ದ ಕಾಗದ ನೆನೆದು ತಗಡಿಗೆ ಅಂಟಿತ್ತು. ಬಿಡಿಸಿದರೆ ಪೊರೆ ನೀರುದೋಸೆಯ ಹಾಗೆ ಮೆತ್ತಗೆ ನನ್ನ ಅಂಗೈಯಲ್ಲಿ ಕೂತಿತು. ಬೆರಳ ಸಂದಿನಿಂದ ನೀರು ತೊಟ್ಟಿಕ್ಕಿತು. ನೆಕ್ಕಿ ನೋಡಿದೆ. ಯಾಕೆ ನೆಕ್ಕಿದೆನೋ ಗೊತ್ತಿಲ್ಲ... ಉಪ್ಪು.

ರೋಷನ್‌ಗೆ ಫೋನ್ ಮಾಡಿದೆ. ಹನ್ನೊಂದು ತಿಂಗಳ ಹಟ ಹನ್ನೊಂದು ಸೆಕೆಂಡೂ ಉಳಿಯಲಿಲ್ಲ. ಸ್ವಿಚ್ ಆಫ್. ಮತ್ತೆ ಮಾಡಿದೆ, ಮತ್ತೆ ಮಾಡಿದೆ. ಪರ್ತ್‌ನಲ್ಲಿ ಆಗ ರಾತ್ರಿ ಹನ್ನೊಂದೂವರೆ. ಅವನ ಹೆಂಡತಿ ತವರಿಗೆ ಹೋಗಿದ್ದಾಳೆಂದು ಅಮ್ಮ ಹೇಳಿದ್ದು ನೆನಪಾಯಿತು. ಸ್ಟ್ಯಾನಿಗೂ ಮಾಡಿದೆ. ಅವನು ಕೆಲಸದಲ್ಲಿದ್ದರೆ ಫೋನು ಲಾಕರಿನಲ್ಲಿರುತ್ತದೆ.

ಕೊನೆಗೆ ಅಲ್ಲಿನ ಪೊಲೀಸರಿಗೆ ಮಾಡಿದೆ. ತಮ್ಮ ಫೋನ್ ಎತ್ತುತ್ತಿಲ್ಲ, ಕಡಲಿಗೆ ಹೋಗಿರಬಹುದು ಅಂದೆ. ಹೆಣ್ಣುಧ್ವನಿಯೊಂದು ಮರ್ಯಾದೆಯಿಂದಲೇ ಕೇಳಿತು, ಯಾವ ಜಾಗಕ್ಕೆ ಹೋಗುತ್ತಾರೆ? ನನಗೆ ಗೊತ್ತಿರಲಿಲ್ಲ. ಕಾರಿನ ನಂಬರ್? ಗೊತ್ತಿರಲಿಲ್ಲ. ಕೊನೆಯ ಸಲ ಮಾತಾಡಿದ್ದು ಯಾವಾಗ?

"ಹನ್ನೊಂದು ತಿಂಗಳ ಹಿಂದೆ," ಅಂದೆ. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ. ಅವರು ಎಲ್ಲ ಬರೆದುಕೊಂಡು, ಆ ಕಡೆಯ ಗಸ್ತಿನವರಿಗೆ ತಿಳಿಸುತ್ತೇವೆ ಅಂದರು. ಇನ್ನೇನು ತಾನೇ ಹೇಳಿಯಾರು.

ಫೋನ್ ಇಟ್ಟಾಗ ಅಮ್ಮ ಕೋಲು ಊರಿಕೊಂಡು ಎದುರಿಗೆ ನಿಂತಿದ್ದಳು. ಎಪ್ಪತ್ತು ದಾಟಿದವಳು. ಎಡಗಾಲಿನ ಮಂಡಿ ಸವೆದುಹೋಗಿತ್ತು.

"ಎಂತ ಫ್ಲೋರಿ, ಈ ಹೊತ್ತಿಗೆ ಯಾರ ಹತ್ರ ಮಾತಾಡ್ತಿ?"

"ಮಮ್ಮಿ, ರೋಷನ್‌ನ ಪೊರೆ ಒದ್ದೆಯಾಗಿದೆ."

ಅಮ್ಮ ಹೆದರಲಿಲ್ಲ. ಬೇಸರದಿಂದ ಕೈ ಬೀಸಿದಳು. "ಅದು ಎಂತ ಆಗುದು ಮಣ್ಣು. ಎಲ್ಲಿಯೋ ನೀರು ಬಿದ್ದಿರ್ಬೇಕು. ಹೋಗಿ ಮಲ್ಕೋ. ನಿನ್ನ ಪಪ್ಪನ ಹಡಗಿನ ಕಥೆ ಎಲ್ಲ ನಂಬುದಾ ನೀನು?"

ಮೂವತ್ತು ವರ್ಷ ಆ ಡಬ್ಬಿಯನ್ನು ದೇವರ ಪಟದ ಹಿಂದೆ ಕಾಪಾಡಿದವಳು ಹೀಗೆ ಹೇಳುತ್ತಾಳಲ್ಲ ಎಂದು ನನಗೆ ಸಿಟ್ಟು ಬಂತು. ಅವಳ ಕೈ ಹಿಡಿದೆಳೆದು ಪೊರೆಯನ್ನು ಅಂಗೈಗೆ ಹಾಕಿದೆ.

ಅಮ್ಮ ಅದನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದಳು. ಮೂಸಿದಳು. ಆಮೇಲೆ ಅವಳ ಮುಖ ನೋಡಬೇಕಿತ್ತು. ನಾನು ಎಷ್ಟೋ ಹೆದರಿದ ಮುಖಗಳನ್ನು ನೋಡಿದ್ದೇನೆ. ಅಷ್ಟು ಹೆದರಿದ್ದನ್ನು ನೋಡಿರಲಿಲ್ಲ. ಕೋಲು ಕೈಯಿಂದ ಜಾರಿ ಬಿತ್ತು.

"ಇದು... ಹೀಗೆ ಆಗ್ಲಿಕ್ಕೆ ಸಾಧ್ಯವೇ ಇಲ್ಲ."

"ಯಾಕೆ ಮಮ್ಮಿ?"

"ಕೇಳ್ಬೇಡ. ನಡಿ ನೀನು. ಕೂರ್ಬೇಡ. ನಡಿ."

ಪೊರೆಯನ್ನು ರವಿಕೆಯೊಳಗೆ, ಎದೆಗೆ ತಾಗುವಂತೆ ಇಟ್ಟುಕೊಂಡೆ. ಐಸ್ ಇಟ್ಟ ಹಾಗೆ ಕೊರೆಯಿತು. ನಡೆಯತೊಡಗಿದೆ. ಮುಂಬಾಗಿಲಿನಿಂದ ಹಾಲ್, ಹಾಲಿನಿಂದ ಅಡುಗೆಮನೆ, ಅಲ್ಲಿಂದ ಹಿಂದಿನ ಬಾಗಿಲು, ಮತ್ತೆ ವಾಪಸ್. ಅಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಜಪಸರ ಎಣಿಸುತ್ತಿದ್ದಳು. ಅವಳೂ ಕೂರಲಿಲ್ಲ.

ಮೊದಲ ಒಂದು ಗಂಟೆ ನನ್ನನ್ನು ನಾನೇ ಬೈದುಕೊಂಡೆ. ಓದಿದವಳು, ಇನ್ನೊಬ್ಬರಿಗೆ ಬುದ್ಧಿ ಹೇಳುವವಳು, ಎದೆಯಲ್ಲಿ ಒಂದು ತುಂಡು ಚರ್ಮ ಇಟ್ಟುಕೊಂಡು ನಡುರಾತ್ರಿ ಮನೆಯೊಳಗೆ ಗಾಣದ ಎತ್ತಿನ ಹಾಗೆ ಸುತ್ತುತ್ತಿದ್ದೇನೆ. ನಿಂತು ನೋಡೋಣ ಅಂತ ಒಂದು ಸಲ ನಿಂತೆ. ಎದೆಯಿಂದ ಹೊಟ್ಟೆಗೆ ನೀರು ಇಳಿಯಿತು. ಬೆವರಲ್ಲ, ತಣ್ಣೀರು. ಮತ್ತೆ ನಿಲ್ಲಲಿಲ್ಲ.

ಕಿಟಕಿಯ ಹೊರಗೆ ಎಲೆ ಅಲುಗುತ್ತಿರಲಿಲ್ಲ. ಒಳಗೆ ಮಾತ್ರ ಎಲ್ಲೋ ಗೋಡೆಯ ಆಚೆ ಅಲೆ ಹೊಡೆದ ಹಾಗೆ... ಬರುವುದು, ಎಳೆದುಕೊಂಡು ಹೋಗುವುದು. ಎಸಿಯ ಸದ್ದಿರಬೇಕೆಂದು ಎಸಿ ಆರಿಸಿದೆ. ಸದ್ದು ನಿಲ್ಲಲಿಲ್ಲ.

ನಾಲ್ಕೂವರೆಗೆ ನನ್ನ ಕಾಲು ಕೈಕೊಟ್ಟಿತು. ಹಿಂದಿನ ದಿನ ಎರಡು ಶಿಫ್ಟು ಒಟ್ಟಿಗೆ ಮಾಡಿದ್ದೆ. ಮೀನಖಂಡ ಹಿಡಿದುಕೊಂಡು ಫ್ರಿಜ್ಜಿಗೆ ಡಿಕ್ಕಿ ಹೊಡೆದು ಕುಸಿದೆ. ಏಳಲು ಹೋದರೆ ಕಾಲು ಮಡಚುವುದಿಲ್ಲ. ಎದೆಯಲ್ಲಿ ಪೊರೆ ಇನ್ನೂ ಒದ್ದೆ.

"ಕೊಡಿಲ್ಲಿ," ಅಂದಳು ಅಮ್ಮ.

"ನಿಂಗೆ ಆಗುದಿಲ್ಲ ಮಮ್ಮಿ. ಮಂಡಿ..."

"ಮಂಡಿ ನಂದು. ಮಗ ಕೂಡ ನಂದೇ. ಕೊಡು."

ಅಮ್ಮ ಪೊರೆಯನ್ನು ತನ್ನ ನೈಟಿಯೊಳಗೆ ಇಟ್ಟುಕೊಂಡು ಹೊರಟಳು. ಸ್ನಾನದ ಮನೆಗೆ ಹೋಗಲೂ ನನ್ನ ಹೆಗಲು ಬೇಕಾಗಿದ್ದವಳು. ಕೋಲು ಊರುವ ಟಕ್, ಎಡಗಾಲಿನ ಚಪ್ಪಲಿ ಎಳೆಯುವ ಸರ್... ಟಕ್, ಸರ್... ಟಕ್, ಸರ್. ನಾನು ನೆಲದಲ್ಲಿ ಬಿದ್ದುಕೊಂಡೇ ಕೇಳುತ್ತಿದ್ದೆ. ಒಂದು ಗಂಟೆಗೂ ಮೀರಿ ಅವಳು ನಡೆದಳು. ನನ್ನ ಕಾಲು ಸರಿಯಾಗಿ ಎದ್ದು ಕೈ ಚಾಚಿದರೂ ಕೊಡಲಿಲ್ಲ. ಬಾಯಲ್ಲಿ ಪ್ರಾರ್ಥನೆಯೂ ನಿಂತುಹೋಗಿತ್ತು.

ಬೆಳಕು ಹರಿಯುವ ಹೊತ್ತಿಗೆ, ಆರಕ್ಕೆ ಕಾಲು ಗಂಟೆ ಇರುವಾಗ, ಅಮ್ಮ ಹಾಲಿನ ನಡುವೆ ಗಕ್ಕನೆ ನಿಂತಳು. ನೈಟಿಯೊಳಗೆ ಕೈ ಹಾಕಿ ಪೊರೆಯನ್ನು ಹೊರಗೆ ತೆಗೆದಳು. ಸರಸರ ಅಂದಿತು. ಒಣಗಿತ್ತು, ಮೊದಲಿನಂತೆಯೇ ಗರಿಗರಿ. ಮನೆಯಲ್ಲಿ ವಾಸನೆ ಇರಲಿಲ್ಲ. ಗೋಡೆಯಾಚೆಯ ಸದ್ದೂ ಇರಲಿಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ ಇಬ್ಬರಿಗೂ ತಿಳಿಯಲಿಲ್ಲ. ಒಬ್ಬರ ಮುಖ ಒಬ್ಬರು ನೋಡದೆ ಕುರ್ಚಿಯಲ್ಲಿ ಕೂತೆವು.

ಹತ್ತೂವರೆ ದಾಟಿದ ಮೇಲೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಸ್ಪೀಕರಿಗೆ ಹಾಕಿದೆ.

"ಅಕ್ಕ," ಅಂದ ರೋಷನ್. ಗಂಟಲು ಹರಿದುಹೋಗಿತ್ತು. "ಆಸ್ಪತ್ರೆಯಿಂದ ಮಾಡ್ತಿದ್ದೇನೆ. ನಂಗೆ ಎಂತ ಆಗ್ಲಿಲ್ಲ. ಮಮ್ಮಿಗೆ ಹೇಳ್ಬೇಡ."

ಮಮ್ಮಿ ಪಕ್ಕದಲ್ಲಿಯೇ ಬಾಯಿಗೆ ಸೆರಗಿನಂತೆ ಟವೆಲ್ ಒತ್ತಿಕೊಂಡು ಕೂತಿದ್ದಳು.

ಪರ್ತ್‌ನಿಂದ ದಕ್ಷಿಣಕ್ಕೆ ಬಂಡೆಗಳಿರುವ ಒಂದು ಕಡೆ ಗಾಳ ಹಾಕಲು ಹೋಗಿದ್ದನಂತೆ. ಜೊತೆಗೆ ಬರುವ ಗೆಳೆಯ ಅಂದು ಬಂದಿರಲಿಲ್ಲ. ರಾತ್ರಿ ಹನ್ನೊಂದು ದಾಟಿದ ಮೇಲೆ ದೊಡ್ಡ ಅಲೆಯೊಂದು ಬಂದು ಇವನನ್ನು ಎಳೆದುಕೊಂಡು ಹೋಯಿತು. ಕೈಗೆ ಸಿಕ್ಕಿದ್ದು ಮೀನು ಹಾಕುವ ಖಾಲಿ ಬಕೆಟ್ಟು. ಮುಚ್ಚಳ ಹಾಕಿದ್ದರಿಂದ ತೇಲುತ್ತಿತ್ತು. ಅದನ್ನು ಅಪ್ಪಿಕೊಂಡ. ಬೆಳಗಿನ ಜಾವ ಮೂರು ದಾಟಿದ ಮೇಲೆ ಎಲ್ಲೋ ಮರಳಿಗೆ ಬಂದು ಬಿದ್ದ. ಬೆಳಗ್ಗೆ ನಾಯಿಯ ಜೊತೆ ನಡೆಯಲು ಬಂದವರು ನೋಡಿದರು. ಅವನು ಮರಳಿಗೆ ಬಿದ್ದ ಹೊತ್ತನ್ನು ಎರಡೂವರೆ ಗಂಟೆ ಮುಂದಿರುವ ನಮ್ಮ ಗಡಿಯಾರಕ್ಕೆ ಲೆಕ್ಕ ಹಾಕಿದೆ. ಆರಕ್ಕೆ ಸ್ವಲ್ಪ ಮೊದಲು.

ಬಕೆಟ್ಟು ಉಳಿಸಿತು ಅನ್ನಿ. ನಾನೂ ಹಾಗೇ ಅಂದುಕೊಳ್ಳಲು ನೋಡಿದೆ.

"ಅಕ್ಕ, ಒಂದು ಮಾತು. ಹುಚ್ಚು ಅಂತ ಹೇಳ್ಬೇಡ. ನಾನು ಎರಡು ಸಲ ಸಾಕು ಅಂತ ಬಿಟ್ಟುಬಿಟ್ಟೆ. ಕಾಲು ಬಿಡ್ಲಿಲ್ಲ. ಅದ್ರಷ್ಟಕ್ಕೆ ಅದು ನೀರೊಳಗೆ ನಡೀತಾ ಉಂಟು. ಜೋರಾಗಿ, ನೀನು ಡ್ಯೂಟಿಗೆ ಹೋಗುವ ಹಾಗೆ. ಮತ್ತೆ ಒಂದು ಸಲ ಪೂರಾ ನಿಂತ್ಹೋಯ್ತು, ನಾನು ಕೆಳಗೆ ಹೋದೆ... ಮೂಗು ಬಾಯಿಗೆಲ್ಲ ನೀರು. ಆಮೇಲೆ ಪುನಃ ಶುರುವಾಯ್ತು. ಆದ್ರೆ ಬೇರೆ ನಮೂನೆ."

"ಬೇರೆ ಅಂದ್ರೆ?"

"ನಿಧಾನ. ಎಡಗಾಲು ಎಳೆದು ಎಳೆದು. ಮಂಡಿ ನೋವಿರುವ ಮುದುಕರು ನಡೀತಾರಲ್ಲ, ಹಾಗೆ. ನಂಗೆ ಈಗ್ಲೂ ಎಡದ ಮಂಡಿ ನೋಯ್ತಾ ಉಂಟು. ಡಾಕ್ಟ್ರು ಎಕ್ಸ್‌ರೇ ತೆಗೆದ್ರು, ಎಂತ ಇಲ್ಲ ಅಂತಾರೆ."

ಅಮ್ಮ ಎದ್ದು ಅಡುಗೆಮನೆಗೆ ಹೋದಳು. ಫೋನ್ ಮುಗಿಸಿ, ಅತ್ತು, ಅವನ ಹತ್ತಿರ ಕ್ಷಮೆ ಕೇಳಿ ಒಳಗೆ ಹೋದರೆ, ಒಲೆಯ ಮೇಲೆ ಬರಿಯ ನೀರು ಕುದಿಯುತ್ತಿತ್ತು. ಅಮ್ಮ ಅದನ್ನೇ ನೋಡುತ್ತಾ ನಿಂತಿದ್ದಳು.

"ಫ್ಲೋರಿ, ಅದು ಅವನ ಪೊರೆ ಅಲ್ಲ."

"ಎಂತ ಹೇಳ್ತಿ?"

"ಮಾಸು, ಪೊರೆ ಎಲ್ಲ ಮನೆಯಲ್ಲಿ ಇಡ್ಬಾರ್ದು ಅಂತ ನಮ್ಮಲ್ಲಿ. ಸೂಲಗಿತ್ತಿ ಅವತ್ತೇ ಹಿತ್ತಿಲ ತೆಂಗಿನ ಬುಡದಲ್ಲಿ ಹೂತಾಕಿದ್ಳು. ನಾಯಿ ಕೆರೀಬಾರ್ದು ಅಂತ ಮೇಲೆ ಕಲ್ಲು ಕೂಡ ಇಟ್ಟಿದ್ಳು. ತಿಂಗಳು ಕಳೆದು ನಿನ್ನ ಪಪ್ಪನ ಕಾಗದ ಬಂತು, ಪೊರೆ ಇದ್ದರೆ ಜೋಪಾನ ಮಾಡು ಅಂತ. ನಂಗೆ ಕೈಕಾಲೇ ಬಿದ್ದುಹೋಯ್ತು. ಇಲ್ಲ ಅಂದ್ರೆ ಅವರು ನನ್ನನ್ನು ಬಿಡ್ತಿದ್ರಾ? ಆಗ ಕ್ರಿಸ್‌ಮಸ್‌ಗೆ ಮನೆಯಲ್ಲಿ ಹಂದಿ ಕೊಯ್ದಿದ್ರು."

ನಾನು ಕೈಯಲ್ಲಿದ್ದ ಫೋನನ್ನು ಕಟ್ಟೆಯ ಮೇಲಿಟ್ಟೆ.

"ಕರುಳಿನ ಮೇಲಿನ ಪೊರೆ ಒಂದು ತುಂಡು ತೆಗೆದು, ಕೊಬ್ಬೆಲ್ಲ ಕೆರೆದು, ಸುಣ್ಣದ ನೀರಲ್ಲಿ ತೊಳೆದು ಒಣಗಿಸಿದೆ. ಅವರಿಗೆ ಎಲ್ಲಿ ಗೊತ್ತಾಗ್ತದೆ."

ವಿಮಾನ ನಿಲ್ದಾಣದ ಆ ನಾಯಿ ನನ್ನ ಮುಖ ನೋಡಿದ್ದು ನೆನಪಾಯಿತು. ಅಮ್ಮ ಅಂದು ನಕ್ಕದ್ದೂ ನೆನಪಾಯಿತು. ಆದರೆ ಈಗ ಇಬ್ಬರಿಗೂ ನಗು ಬರಲಿಲ್ಲ. ಹಂದಿಯ ಪೊರೆ ಯಾಕೆ ಒದ್ದೆಯಾಗಬೇಕು? ಗೊತ್ತಿದ್ದೂ ಗೊತ್ತಿದ್ದೂ ಅಮ್ಮ ಅದನ್ನು ಎದೆಗಿಟ್ಟುಕೊಂಡು ಆ ಮಂಡಿಯಲ್ಲಿ ನಡೆದಳಲ್ಲ...

"ಹಾಗಾದ್ರೆ ನಿಜವಾದದ್ದು ತೆಂಗಿನ ಬುಡದಲ್ಲಿ ಉಂಟಾ?"

ಅಮ್ಮ ಒಲೆ ಆರಿಸಿದಳು. "ಅವನಿಗೆ ಮೂರು ವರ್ಷ ಆಗುವಾಗ ಕಡಲು ಕೊರೆದದ್ದು ನಿಂಗೆ ನೆನಪಿಲ್ವಾ? ಹಿತ್ತಿಲು ಅರ್ಧ ಹೋಯ್ತು. ಆ ತೆಂಗು ಕೂಡ, ಕಲ್ಲು ಕೂಡ. ಅವನ ಪೊರೆ ಕಡಲಲ್ಲೇ ಉಂಟು, ಅವತ್ತಿನಿಂದ."

ಎರಡು ವಾರ ಬಿಟ್ಟು ರೋಷನ್ ಕುಂಟುತ್ತಾ ಅಡಿಲೇಡಿಗೆ ಬಂದ. ಅಮ್ಮನ ಕಾಲ ಬಳಿ ಕೂತು ಮಗುವಿನ ಹಾಗೆ ಅತ್ತ. ಡಬ್ಬಿ ಅವನಿಗೆ ಕೊಟ್ಟುಬಿಟ್ಟೆ. ನಿಜ ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ನನ್ನನ್ನು ಒಳಗೆ ಕರೆದು ಬೈಬಲಿನ ಮೇಲೆ ಕೈ ಇಡಿಸಿದಳು. "ಹೇಳಿದ್ರೆ ಅವನ ಧೈರ್ಯ ಹೋಗ್ತದೆ. ಧೈರ್ಯ ಹೋದವ ಬೇಗ ಮುಳುಗ್ತಾನೆ."

ಅಮ್ಮ ಈಗ ಇಲ್ಲ. ಹೋಗಿ ಎರಡು ವರ್ಷವಾಯಿತು. ಆಣೆ ಮಾತ್ರ ಉಳಿದಿದೆ. ಇಷ್ಟನ್ನಾದರೂ ಬರೆಯುತ್ತಿರುವುದು ಅವನು ಕನ್ನಡ ಓದುವುದಿಲ್ಲ ಎಂಬ ಧೈರ್ಯದಿಂದ.

ರೋಷನ್ ಆ ಪೊರೆಯನ್ನು ಸಣ್ಣ ಚೀಲಕ್ಕೆ ಹೊಲಿಸಿ ಕೊರಳಿಗೆ ಹಾಕಿಕೊಂಡಿದ್ದಾನೆ. ಮೊದಲು ಹಗಲಿಗೂ ಜೊತೆ ಹುಡುಕುತ್ತಿ‌ದ್ದವನು ಈಗ ರಾತ್ರಿ ಒಬ್ಬನೇ ಹೋಗುತ್ತಾನೆ. ಬೇಡ ಮಾರಾಯ ಅಂದರೆ, ನಂಗೆ ಎಂತ ಆಗ್ತದೆ ಅಕ್ಕ, ಅನ್ನುತ್ತಾನೆ. ಕಡಲಿನಲ್ಲಿರುವ ಆ ಇನ್ನೊಂದು ಪೊರೆ ಅವನನ್ನು ಕಾಯುತ್ತಿದೆಯೋ, ಕರೆಯುತ್ತಿದೆಯೋ ನನಗೆ ಗೊತ್ತಿಲ್ಲ. ಡಬ್ಬಿ ನನ್ನ ಬೀರುವಿನಲ್ಲಿಲ್ಲ. ಒದ್ದೆಯಾದರೆ ಇನ್ನು ನನಗೆ ತಿಳಿಯುವುದೂ ಇಲ್ಲ.

ಎರಡು ತಿಂಗಳ ಹಿಂದೆ ಒಂದು ಶನಿವಾರ ರಾತ್ರಿ ಬಂಡೆಯ ಮೇಲಿನಿಂದ ಫೋನ್ ಮಾಡಿದ್ದ. ಹಿಂದೆ ಅಲೆಯ ಸದ್ದು. ಮೀನು ಸಿಕ್ಕಿತು ಅಂತ ಖುಷಿಯಲ್ಲಿದ್ದ. ಇಡುವ ಮುಂಚೆ ಹೇಳಿದ, "ಈ ಪೊರೆ ಯಾಕೋ ಸ್ವಲ್ಪ ಮೆತ್ತಗಾಗಿದೆ ಅಕ್ಕ. ಬೆವರಿಗೆ ಇರ್ಬೇಕು."

"ರೋಷನ್, ಈಗ್ಲೇ ಮನೆಗೆ ಹೋಗು."

"ಇನ್ನೊಂದು ಸಲ ಗಾಳ ಹಾಕಿ ಹೋಗ್ತೇನೆ," ಅಂದ.

ಅಂದು ಅವನು ಮನೆ ಸೇರಿ ಮೆಸೇಜ್ ಹಾಕುವ ತನಕ ನಾನು ಮನೆಯೊಳಗೆ ನಡೆದೆ. ಆಮೇಲಿನಿಂದ ಅವನು ಕಡಲಿಗೆ ಹೋದ ರಾತ್ರಿ ನಾನು ಕೂರುವುದಿಲ್ಲ. ಡ್ಯೂಟಿಯಲ್ಲಿದ್ದರೆ ವಾರ್ಡಿನ ಉದ್ದಕ್ಕೂ ಓಡಾಡುತ್ತೇನೆ. ಜೊತೆಯವರು ತೂಕ ಇಳಿಸುತ್ತಿದ್ದೀಯಾ ಅಂತ ತಮಾಷೆ ಮಾಡುತ್ತಾರೆ.

ಇಂದು ಮತ್ತೆ ಶನಿವಾರ. ಇಷ್ಟು ಬರೆಯುವಷ್ಟರಲ್ಲಿ ಪರ್ತ್‌ನಲ್ಲಿ ಹತ್ತೂವರೆ. ಅವನು ಬಂಡೆಯ ಮೇಲಿದ್ದಾನೆ, ಫೋನ್ ಎತ್ತುತ್ತಿಲ್ಲ. ಪೆನ್ನು ಇಟ್ಟು ಇನ್ನೊಂದು ಸುತ್ತು ಹೊರಡುತ್ತೇನೆ. ಎಡದ ಮಂಡಿ ಇತ್ತೀಚೆಗೆ ಸ್ವಲ್ಪ ನೋಯುತ್ತಿದೆ.